ಸವೆದ ಹೆಬ್ಬೆರಳು
"ಹೊಂದಲಿಲ್ಲ" ಎಂದು ಬೆರಳಚ್ಚು ಯಂತ್ರ ನಾಲ್ಕನೇ ಸಲ ತೋರಿಸಿತು. ರೇಷನ್ ಕಾರ್ಡಿನ ಕೆಲಸಕ್ಕೆ ಹಳಿಯಾಳದ ನನ್ನ ಸೇವಾ ಕೇಂದ್ರಕ್ಕೆ ಬಂದಿದ್ದ ಹುಸೇನಬಿ, ಕೂಲಿ ಮಾಡಿ ನುಣುಪಾದ ಹೆಬ್ಬೆರಳನ್ನು ಮತ್ತೆ ಸೆರಗಿಗೆ ಒರೆಸಿಕೊಂಡರು. ಪಕ್ಕದ ಕಂಪ್ಯೂಟರಿಗೆ ವೈರಸ್ ಹೊಕ್ಕಿತ್ತು. ಅದರ ಒಂದೊಂದೇ ಫೈಲಿನ ಹ್ಯಾಶ್ ತೆಗೆದು, ಅಸಲಿ ತಂತ್ರಾಂಶಗಳ ಪಟ್ಟಿಯೊಂದಿಗೆ ಹೋಲಿಸುತ್ತ ಬೆಳಗಿನಿಂದ ನಾನೂ ಸುಸ್ತಾಗಿದ್ದೆ. ಅಲ್ಲೂ ಒಂದು ಫೈಲು ಹೊಂದಲಿಲ್ಲ.

"ಅದೇನ ನೋಡಾಕತ್ತಿ ತಮ್ಮಾ?" ಎಂದರು.

"ಹ್ಯಾಶ್ ಅಂದ್ರ ಫೈಲಿನ ಹೆಬ್ಬಟ್ಟು ಇದ್ದಂಗ್ರಿ ಚಾಚಿ. ಒಳಗ ಒಂದ ಅಕ್ಷರ ಬದಲಾದ್ರೂ ಗುರುತು ಸಿಗೂದಿಲ್ಲ."

"ಹಂಗಾರ ಅದೂ ನನ್ನಂಗ ದುಡದು ಸವದೈತಿ ಬಿಡು."

ಅವರನ್ನು ಹತ್ತು ವರ್ಷದಿಂದ ಬಲ್ಲೆ. ಅದನ್ನು ತುಂಬಲು ಪರದೆಯಲ್ಲಿ ಜಾಗವಿರಲಿಲ್ಲ. "ನಾಳಿಗೆ ಬರ್ರಿ" ಎಂದೆ. ನಾಳೆಗೂ ಆ ಬೆರಳಲ್ಲಿ ಗೆರೆ ಮೂಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.