ಬಾಯಲ್ಲಿ ಕವಳ, ಎದುರಿಗೆ ನಿಲ್ದಾಣ

ನಾನು ಒಂದು ಬಾಹ್ಯಾಕಾಶ ನೌಕೆಯನ್ನು ನಾಶ ಮಾಡಿದವನು ಎಂಬ ಸಂಗತಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಮದುವೆ ಊಟದ ಪಂಕ್ತಿಗಳಲ್ಲಿ ಪ್ರಚಾರವಾಗಿದೆ. ಪ್ರಚಾರಕ ಒಬ್ಬನೇ, ನನ್ನ ಗೆಳೆಯ. ಪಾಯಸ ಬರುವ ಹೊತ್ತಿಗೆ ಅವನು ಕಥೆ ಶುರುಮಾಡುತ್ತಾನೆ, ಮಜ್ಜಿಗೆ ಬರುವಷ್ಟರಲ್ಲಿ ನೌಕೆಯನ್ನು ಗೋಡೆಗೆ ಹೊಡೆಸಿ ಮುಗಿಸುತ್ತಾನೆ. ಕೇಳಿದವರು ನನ್ನ ಎಲೆಯ ಕಡೆ ಒಮ್ಮೆ ನೋಡುತ್ತಾರೆ. ಇಷ್ಟು ದೊಡ್ಡ ಅಪರಾಧ ಮಾಡಿದವನು ಇಷ್ಟು ನಿರಾತಂಕವಾಗಿ ಹೋಳಿಗೆ ತಿನ್ನುತ್ತಿದ್ದಾನಲ್ಲ ಎಂಬ ಭಾವ ಅವರ ಮುಖದಲ್ಲಿ ಇರುತ್ತದೆ. ಮೂವತ್ತು ವರ್ಷದಿಂದ ಈ ಕಳಂಕ ಹೊತ್ತು ಬದುಕಿದ್ದೇನೆ. ಹೋಳಿಗೆಯನ್ನೂ ಬಿಟ್ಟಿಲ್ಲ.

ನಡೆದದ್ದನ್ನು ನಾನೇ ಬರೆದಿಡುವುದು ಒಳ್ಳೆಯದು.

ಆಗ ನಮಗಿಬ್ಬರಿಗೂ ಇಪ್ಪತ್ತೆಂಟರ ಆಸುಪಾಸು. ಶಿರಸಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮೇಲೆ, ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಯುತ್ತಿತ್ತು. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು, ಕಾಲು ಒರೆಸಬೇಕು, ದನಿ ತಗ್ಗಿಸಬೇಕು. ಯಂತ್ರಗಳಿಗೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿರುತ್ತಿದ್ದರು. ಅದನ್ನು ಸರಿಸುವ ಅಧಿಕಾರ ಮೇಷ್ಟ್ರಿಗೆ ಮಾತ್ರ. ಮಂಗಳಾರತಿಯೊಂದು ಇರಲಿಲ್ಲ ಅಷ್ಟೇ. ನಾವು ಟೈಪಿಂಗು, ಲೆಕ್ಕಪತ್ರ ಕಲಿಯಲು ಸೇರಿದವರು. ಆದರೆ ಮೇಷ್ಟ್ರು ಮಧ್ಯಾಹ್ನ ಊಟ ಮುಗಿಸಿ ಚಹಾಕ್ಕೆ ಹೋದಾಗ ಅವರ ಫ್ಲಾಪಿ ಡಬ್ಬಿಯ ಕೊನೆಯ ಫ್ಲಾಪಿಯಲ್ಲಿ ಒಂದು ಆಟ ಸಿಕ್ಕಿತು. ಅದರ ನಂತರ ನಮ್ಮ ಟೈಪಿಂಗು ಮುಂದುವರಿಯಲಿಲ್ಲ.

ಆಟದಲ್ಲಿ ನಮ್ಮದೊಂದು ನೌಕೆ. ಒಂದು ಗ್ರಹದಲ್ಲಿ ಮಾಲು ತುಂಬಿಕೊಂಡು ಇನ್ನೊಂದರಲ್ಲಿ ಮಾರಬೇಕು. ದಾರಿಯಲ್ಲಿ ದರೋಡೆಕೋರರು. ನೌಕೆ ಎಂದರೆ ಕಪ್ಪು ಪರದೆಯ ಮೇಲೆ ಏಳೆಂಟು ಹಸಿರು ಗೆರೆ. ಗ್ರಹ ಎಂದರೆ ಒಂದು ಸೊನ್ನೆ. ಉಳಿದದ್ದೆಲ್ಲ ನಮ್ಮ ತಲೆಯಲ್ಲಿ. ಈಗಿನ ಆಟಗಳಲ್ಲಿ ಗ್ರಹ ಗ್ರಹದ ಹಾಗೆಯೇ ಕಾಣುತ್ತದಂತೆ, ಮೋಡ ಮೋಡದ ಹಾಗೆ. ನೋಡುವವನ ಮೇಲೆ ಇಷ್ಟೊಂದು ಅಪನಂಬಿಕೆ ಇರಬಾರದು.

ಗೆಳೆಯ ಚಾಲಕ, ಕೀಲಿಮಣೆ ಅವನ ಕೈಯಲ್ಲಿ. ಆಟದ ಇಂಗ್ಲಿಷ್ ಪುಸ್ತಕದ ಝೆರಾಕ್ಸ್ ನನ್ನ ತೊಡೆಯ ಮೇಲೆ ಇರುತ್ತಿದ್ದುದರಿಂದ ನಾನು ದಾರಿ ತೋರಿಸುವವನು. ಪಕ್ಕದಲ್ಲಿ ಕೂತು ಎಡ, ಬಲ, ಮೇಲೆ, ಕೆಳಗೆ, ನಿಲ್ಲು ಎನ್ನಬೇಕು. ಇಡೀ ಆಟದ ಕಷ್ಟವೆಲ್ಲ ಇದ್ದದ್ದು ಮಾಲು ಇಳಿಸುವ ನಿಲ್ದಾಣದೊಳಗೆ ಹೋಗುವಾಗ. ನಿಲ್ದಾಣ ರುಬ್ಬುವ ಕಲ್ಲಿನ ಹಾಗೆ ನಿಧಾನವಾಗಿ ತಿರುಗುತ್ತಿರುತ್ತದೆ. ಅದರ ಮಧ್ಯೆ ಅಂಚೆ ಡಬ್ಬಿಯ ಬಾಯಿಯಂಥ ಒಂದು ಅಡ್ಡ ತೂತು. ನೌಕೆಯೂ ಅಷ್ಟೇ ವೇಗದಲ್ಲಿ ತಿರುಗುತ್ತ, ಮೂತಿ ಅಲುಗದಂತೆ ಒಳಗೆ ನುಸುಳಬೇಕು. ಒಂದು ಗೆರೆ ತಾಗಿದರೂ ಮುಗಿಯಿತು.

ಆ ಮಧ್ಯಾಹ್ನ ನಮ್ಮ ನೌಕೆಯಲ್ಲಿ ಆಟದ ಶುರುವಿನಲ್ಲೇ ತುಂಬಿಕೊಂಡು ಮೂರು ತಿಂಗಳಿಂದ ಮಾರದೆ ಇಟ್ಟ ಮಾಲಿತ್ತು. ನಾವು ಶಿರಸಿ ಸೀಮೆಯವರು. ದರ ಏರುತ್ತದೆ ಎಂಬ ಗುಮಾನಿ ಇದ್ದರೆ ಯಾವ ನಕ್ಷತ್ರಮಂಡಲದಲ್ಲೂ ಮಾಲು ಬಿಡುವವರಲ್ಲ. ಅವತ್ತು ದರ ಏರಿತ್ತು. ನಿಲ್ದಾಣ ಎದುರಿಗಿತ್ತು. ಊಟವಾಗಿದ್ದರಿಂದ ನನ್ನ ಬಾಯಲ್ಲಿ ಕವಳವೂ ಇತ್ತು. ಎಲೆ, ಅಡಿಕೆ, ಸುಣ್ಣ, ಒಂದು ಎಸಳು ತಂಬಾಕು, ಎಲ್ಲ ರಸಬಿಟ್ಟು ತುಟಿಯ ಅಂಚಿನವರೆಗೆ ಬಂದಿತ್ತು. ಎ.ಸಿ. ಕೋಣೆ, ಕಿಟಕಿ ಜಡಿದಿದೆ, ಉಗುಳುವ ದಾರಿಯಿಲ್ಲ.

ಕವಳ ತುಂಬಿದ ಬಾಯಲ್ಲಿ ಮಾತಾಡುವವನು ಗದ್ದ ಮೇಲೆತ್ತಿ, ಮಾಡಿನ ಕಡೆ ಮುಖಮಾಡಿ ಮಾತಾಡಬೇಕು. ಇಲ್ಲವಾದರೆ ಒಳಗಿದ್ದದ್ದು ಅಂಗಿಯ ಮೇಲೆ. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ನೌಕೆಯ ಮೂತಿ ಸ್ವಲ್ಪ ವಾರೆಯಾದದ್ದು ಕಂಡು ನಾನು "ನಿಲ್ಲು" ಎನ್ನಲು ಹೊರಟೆ. ಗದ್ದ ಮೇಲಕ್ಕೆ ಹೋಯಿತು. ಬಾಯಿಂದ "ಉಂ" ಎಂಬುದಷ್ಟೇ ಬಂತು. ಓರೆಗಣ್ಣಲ್ಲಿ ನನ್ನನ್ನೇ ನೋಡುತ್ತಿದ್ದ ಚಾಲಕ ಗದ್ದ ಹೋದ ದಿಕ್ಕಿಗೆ ನೌಕೆಯನ್ನೂ ಒಯ್ದ.

ಹಸಿರು ಗೆರೆಗಳೆಲ್ಲ ಚದುರಿ ನಾಲ್ಕೂ ಕಡೆ ಹೋದವು. ನಾನು ಕೆಳಗಿಳಿದು ಹೋಗಿ ಉಗುಳಿ ಬಂದೆ. ನನ್ನ ಹೇಳಿಕೆ ಅಷ್ಟು ಹೊತ್ತಿಗೆ ತಡವಾಗಿತ್ತು.

ಮೇಷ್ಟ್ರು ಮರುದಿನ ಫ್ಲಾಪಿ ಡಬ್ಬಿಗೆ ಬೀಗ ಹಾಕಿದರು. ನಾವು ಟೈಪಿಂಗೂ ಬಾರದೆ, ಗಗನಯಾನವೂ ಬಾರದೆ ಜೀವನಕ್ಕೆ ಇಳಿದೆವು. ಅವನು ಹೆಗಡೆಕಟ್ಟಾದಲ್ಲಿ, ನಾನು ಶಿರಸಿಯಲ್ಲಿ.

ಈಗ ಅರವತ್ತರ ಹೊಸ್ತಿಲಲ್ಲಿರುವಾಗ ಫೋನಿನಲ್ಲಿ ಒಂದು ಗುಂಪಿಗೆ ಸೇರಿದ್ದೇವೆ. ಹಳೆಯ ಬಾಹ್ಯಾಕಾಶ ಆಟಗಳನ್ನು ನೆನೆದು ನಿಟ್ಟುಸಿರು ಬಿಡುವ ಹಿರಿಯರ ಗುಂಪು. ದಿನವೂ ಯಾರಾದರೊಬ್ಬರು ಹಳೆಯ ಜಾಯ್‌ಸ್ಟಿಕ್ಕಿನ ಫೋಟೋ ಹಾಕುತ್ತಾರೆ, ಉಳಿದವರು ಕೈಮುಗಿಯುವ ಚಿತ್ರ ಹಾಕುತ್ತಾರೆ. ನಡುನಡುವೆ ಸಕ್ಕರೆ ಕಾಯಿಲೆಗೆ ಮೆಂತ್ಯ ನೆನೆಸುವ ಕ್ರಮವೂ ಬರುತ್ತದೆ. ಅಲ್ಲಿಯೇ ಒಬ್ಬ ಪುಣ್ಯಾತ್ಮ ನಮ್ಮ ಆಟ ಈಗಿನ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ ಎಂದು ದಾರಿ ತೋರಿಸಿದ. ಇಳಿಸಿಕೊಂಡು ಇಟ್ಟೆ. ಆಡುವ ಧೈರ್ಯ ಆಗಿರಲಿಲ್ಲ.

ಧೈರ್ಯ ಬರಿಸಿದ್ದು ತುಳಸಿಕಟ್ಟೆ.

ನಾವಿಬ್ಬರೂ ಪ್ರತಿ ಭಾನುವಾರ ಅವನ ಸಣ್ಣ ಕಾರಿನಲ್ಲಿ ಯಲ್ಲಾಪುರದ ಕಡೆ ಹೋಗುವುದು ರೂಢಿ. ಒಂದು ಹೋಟೆಲಿನಲ್ಲಿ ತಿಂಡಿ ತಿಂದು, ಮನಸ್ಸಾದರೆ ಮಾಗೋಡು ಜಲಪಾತದವರೆಗೆ ಹೋಗಿ ನೀರು ಇನ್ನೂ ಕೆಳಕ್ಕೇ ಬೀಳುತ್ತಿದೆಯೇ ಎಂದು ಪರೀಕ್ಷಿಸಿ ಬರುವುದು. ನನಗೆ ಕಾರು ಬಿಡಲು ಬಾರದು. ಹಾಗಾಗಿ ಇಲ್ಲಿಯೂ ದಾರಿ ತೋರಿಸುವ ಕೆಲಸ ನನ್ನದೇ. ಆ ಭಾನುವಾರ ಅವನ ಅಂಗಳದಲ್ಲಿ ಕಾರು ಹಿಂದಕ್ಕೆ ತೆಗೆಯುವಾಗ ಅವನು, "ಹಿಂದೆ ಎಂತಾದ್ರೂ ಇದ್ದಾ ನೋಡು" ಎಂದ. ನೋಡಿದೆ. ಇತ್ತು. ನಿಲ್ಲಿಸು ಎಂದು ಹೇಳಲು ಗದ್ದ ಎತ್ತಿದೆ.

ತುಳಸಿಕಟ್ಟೆಯ ಒಂದು ಮೂಲೆ ಹೋಯಿತು.

ಅವನ ಹೆಂಡತಿ ಗಣಿತ ಶಿಕ್ಷಕಿ. ನನಗೆ ವರಸೆಯಲ್ಲಿ ಏನೂ ಅಲ್ಲದಿದ್ದರೂ ಬಳಕೆಯಲ್ಲಿ ಅತ್ತಿಗೆ, ಅವರಿಬ್ಬರಿಗೂ ನಾನು ಭಾವ. ಹೊರಗೆ ಬಂದು ಕಟ್ಟೆಯನ್ನು ಸುತ್ತು ಹಾಕಿ ನೋಡಿದರು. ದನಿ ಏರಿಸಲಿಲ್ಲ.

"ಈ ಕಟ್ಟೆ ಮೂವತ್ತು ವರ್ಷದಿಂದ ಇಲ್ಲೇ ಇದ್ದು. ಒಂದು ದಿನವೂ ಜಾಗ ಬಿಟ್ಟು ಹೋಯ್ದಿಲ್ಲೆ," ಎಂದರು.

"ಇಂವ ಗದ್ದ ಎತ್ತಿದ. ಬಾ ಬಾ ಹೇಳ್ತಿದ್ದ ಹೇಳಿ ತಿಳ್ಕಂಡೆ," ಎಂದ ಗೆಳೆಯ.

"ಆನು ನಿಲ್ಸು ಹೇಳಿದ್ದು ಅತ್ತಿಗೆ," ಎಂದೆ ನಾನು, ಅಷ್ಟು ಹೊತ್ತಿಗೆ ಉಗುಳಿ ಬಂದು.

"ಬಾಯಲ್ಲಿ ಎಂತ ಇತ್ತು ಭಾವ?"

"ಕವಳ."

"ಹಂಗಾರೆ ಹೇಳಿದ್ದು ಯಾರಿಗೆ, ಆಕಾಶಕ್ಕಾ?"

ಕಾರಿನ ಕೀಲಿ ಅವತ್ತೇ ಅಡಿಗೆಮನೆಯ ಸಾಸಿವೆ ಡಬ್ಬಿಗೆ ಸೇರಿತು. ವಾಸ್ತವದಲ್ಲಿ ಅವರ ಚಿಂತೆ ಕಟ್ಟೆಯದಲ್ಲ. ಗಂಡನ ಕೈ ಈಚೆಗೆ ಸ್ವಲ್ಪ ನಡುಗುತ್ತಿತ್ತು. ಚಹಾದ ಬಸಿಯಲ್ಲಿ ಲೋಟದ ಸದ್ದು ಅವರಿಗೆ ಕೇಳುತ್ತಿತ್ತು. ಡಾಕ್ಟರು ಗಾಬರಿಯಾಗುವಂಥದ್ದೇನಿಲ್ಲ ಎಂದಿದ್ದರು, ಆದರೆ ಆ ಡಾಕ್ಟರಿಗೆ ತುಳಸಿಕಟ್ಟೆ ಇರಲಿಲ್ಲ. ಗೆಳೆಯನಿಗೆ ಇದು ಬಹಳ ತಾಗಿತು. ದೇವಿಮನೆ ಘಟ್ಟದಲ್ಲಿ ಮಂಜು ಮುಸುಕಿದಾಗ ಜೀಪು ಇಳಿಸಿದ ಮನುಷ್ಯ ಈಗ ಬಸ್ಸಿನಲ್ಲಿ ಮಡಿಚಿದ ಮೊಣಕಾಲಿನ ಮೇಲೆ ಬೇರೆಯವರ ಚೀಲ ಇಟ್ಟುಕೊಂಡು ಬರಬೇಕಾಯಿತು.

ಮರುದಿನವೇ ಅವನು ಊಟದ ಹೊತ್ತಿಗೆ ವಾದ ಹೂಡಿದನಂತೆ: ತಪ್ಪು ಕೈಯದಲ್ಲ, ದಾರಿ ತೋರಿಸಿದವನದು, ಹಿಂದೆಯೂ ಹೀಗೇ ಆಗಿತ್ತು, ನೌಕೆಯ ವಿಷಯದಲ್ಲಿ. ಅತ್ತಿಗೆ ನನಗೆ ಫೋನು ಮಾಡಿದರು.

"ಆ ತೂತಿನ ಕಥೆ ಯನ್ನ ಮದುವೆ ಪಂಕ್ತಿಯಲ್ಲಿ ಶುರುವಾಗಿದ್ದು ಭಾವ. ಇನ್ನೂ ಮುಗದ್ದಿಲ್ಲೆ. ಆ ಆಟ ನಿಮ್ಮ ಹತ್ರ ಇದ್ದಡ. ಬಪ್ಪ ಭಾನುವಾರ ತಗಂಡು ಬನ್ನಿ. ಆ ತೂತು ಎಂತದು ಹೇಳಿ ಆನೂ ಒಂದ್ಸಲ ನೋಡ್ತೆ. ಇವ್ರು ಹೊಕ್ಕು ತೋರ್ಸಿದ್ರೆ ಕೀಲಿ. ಇಲ್ದಿದ್ರೆ ಬಸ್ಸು ಇದ್ದು."

ಒಬ್ಬ ಮನುಷ್ಯನ ಚಾಲನಾ ಸಾಮರ್ಥ್ಯವನ್ನು ಬಾಹ್ಯಾಕಾಶದಲ್ಲಿ ಪರೀಕ್ಷಿಸಿದ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಇದೇ ಮೊದಲಿರಬೇಕು.

ಐದು ದಿನ ಅವನು ಬೆಳಗಿನ ಬಸ್ಸಿಗೆ ನನ್ನ ಮನೆಗೆ ಬಂದು ಅಭ್ಯಾಸ ಮಾಡಿದ. ಆ ಪವಿತ್ರ ಕಾರ್ಯಕ್ಕಾಗಿ ನಾನು ಕವಳ ಬಿಟ್ಟೆ. ಬಾಯಿ ಖಾಲಿಯಿದ್ದರೆ ಮಾತು ಎಷ್ಟು ಸಲೀಸು ಎಂಬುದು ಆಗ ನನಗೆ ತಿಳಿಯಿತು. ಎಡಕ್ಕೆ, ಸ್ವಲ್ಪ ಬಲಕ್ಕೆ, ಸ್ವಲ್ಪ ಅಂದರೆ ಅಷ್ಟಲ್ಲ, ಈಗ ನಿಧಾನ, ಈಗ ತಿರುಗಿಸು, ನಾನು ಹೇಳಿದ್ದು ಆ ಕಡೆ, ಹೋದ ಸಲವೂ ಇಲ್ಲೇ ತಪ್ಪಿದ್ದು. ಮೂವತ್ತು ವರ್ಷ ಹೇಳದೆ ಉಳಿದ ಸೂಚನೆಗಳನ್ನೆಲ್ಲ ಒಟ್ಟಿಗೆ ಹೇಳಿದೆ. ನೌಕೆ ಒಂದು ಸಲವೂ ಒಳಗೆ ಹೋಗಲಿಲ್ಲ. ಐದನೆಯ ದಿನ ಅವನು ಕೈಗಳನ್ನು ಮೇಜಿನ ಮೇಲಿಟ್ಟು ಅವುಗಳನ್ನೇ ನೋಡಿದ.

"ಕೈ ಮಾತು ಕೇಳ್ತಿಲ್ಲೆ ಭಾವ. ಅದು ಹೇಳಿದ್ದೇ ಸಮ ಕಾಣ್ತು," ಎಂದ ಹೆಂಡತಿಯನ್ನು ನೆನೆದು. ನಾನು ಏನೋ ಹೇಳಬೇಕಿತ್ತು. ಕೀಲಿಮಣೆ ಸಡಿಲವಾಗಿದೆ ಎಂದೆ.

ಭಾನುವಾರ ಅವರ ಜಗಲಿಯ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟೆವು. ಅತ್ತಿಗೆ ಸೆರಗಿಗೆ ಕೈ ಒರೆಸುತ್ತ ಬಂದು ಕುರ್ಚಿ ಎಳೆದು ಕೂತರು.

"ಎಷ್ಟು ಹೊತ್ತು ಕೊಡ್ತೆ?" ಎಂದು ಗೆಳೆಯ ಕೇಳಿದ.

"ಕುಕ್ಕರ್ ಇಟ್ಟಿಕ್ಕಿ ಬಂದೆ. ಮೂರು ಸೀಟಿ."

ನಿಲ್ದಾಣ ಕಾಣಿಸಿತು. ಅದೇ ಹಸಿರು ಗೆರೆ, ಅದೇ ಸೋಮಾರಿ ತಿರುಗಾಟ. ಅತ್ತಿಗೆ ಮುಂದಕ್ಕೆ ಬಾಗಿ ನೋಡಿದರು.

"ಇಷ್ಟೇಯಾ?" ಎಂದರು. ಮೂವತ್ತು ವರ್ಷದ ಪುರಾಣಕ್ಕೆ ಇದಕ್ಕಿಂತ ಕ್ರೂರ ವಿಮರ್ಶೆ ಬಂದಿರಲಿಲ್ಲ.

ನಾನು ಗಂಟಲು ಸರಿಮಾಡಿಕೊಂಡು ಮಾರ್ಗದರ್ಶನ ಆರಂಭಿಸಿದೆ. ಮೊದಲ ಸೀಟಿ ಹೊಡೆಯುವ ಮೊದಲೇ ನೌಕೆ ಗೋಡೆಗೆ ಬಡಿಯಿತು. ಎರಡನೆಯ ಸಲ ಇನ್ನೂ ಸ್ಪಷ್ಟವಾಗಿ, ಇನ್ನೂ ವಿವರವಾಗಿ ಹೇಳಿದೆ. ತೂತಿನಿಂದ ಇನ್ನೂ ದೂರದಲ್ಲೇ ಬಡಿಯಿತು. ಎರಡನೆಯ ಸೀಟಿ ಆಯಿತು. ಅತ್ತಿಗೆ ಅವನ ಬೆರಳುಗಳನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ, ಅದನ್ನು ಇಲ್ಲಿ ಹೇಳಬೇಕು.

ಗೆಳೆಯ ಕೀಲಿಮಣೆಯಿಂದ ಕೈ ತೆಗೆದ.

"ಭಾವ, ಒಂದು ಕವಳ ಹಾಕು," ಎಂದ.

"ಈಗಲಾ?"

"ಈಗಲೇ. ದೊಡ್ಡದು ಹಾಕು. ಆಮೇಲೆ ಆ ಗೋಡೆ ಬದಿಗೆ ತಿರುಗಿ ಕೂತ್ಗ."

"ಅಲ್ದಾ, ದಾರಿ ಯಾರು ಹೇಳವು?"

"ಯಾರೂ ಬ್ಯಾಡ."

ಅತ್ತಿಗೆ ಕವಳದ ತಟ್ಟೆಯನ್ನು ನನ್ನ ಮುಂದೆ ಸರಿಸಿದರು. ಅವರು ಅಷ್ಟು ಬೇಗ ಸರಿಸಿದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ನಾನು ಎಲೆ ಒರೆಸಿ, ಸುಣ್ಣ ಹಚ್ಚಿ, ಐದು ದಿನದ ಉಪವಾಸ ಮುರಿದು ಬಾಯಿ ತುಂಬಿಕೊಂಡು ಗೋಡೆಗೆ ಮುಖಮಾಡಿ ಕೂತೆ. ಗೋಡೆಯ ಮೇಲೆ ಕ್ಯಾಲೆಂಡರು. ಆ ತಿಂಗಳ ಏಕಾದಶಿ ಯಾವತ್ತು, ಸಂಕಷ್ಟಿ ಯಾವತ್ತು, ಗ್ಯಾಸ್ ಬುಕ್ ಮಾಡಿದ್ದು ಯಾವತ್ತು, ಎಲ್ಲವನ್ನೂ ಈಗಲೂ ಹೇಳಬಲ್ಲೆ. ಹಿಂದಿನಿಂದ ಕೀಲಿಗಳ ಸಣ್ಣ ಟಕ್‌ಟಕ್ ಬರುತ್ತಿತ್ತು. ಮೊದಲು ಅವಸರವಾಗಿ, ಆಮೇಲೆ ನಿಧಾನವಾಗಿ. ಒಂದು ಹಂತದಲ್ಲಿ ಅದೂ ನಿಂತಿತು. ನನಗೆ ಹೇಳಲು ಹನ್ನೊಂದು ಸೂಚನೆಗಳಿದ್ದವು. ಗದ್ದ ಎತ್ತಿ ಕ್ಯಾಲೆಂಡರಿಗೆ ಹೇಳಿದೆ. ಕ್ಯಾಲೆಂಡರು ಅಲುಗಲಿಲ್ಲ.

ಅಡಿಗೆಮನೆಯಲ್ಲಿ ಕುಕ್ಕರು ಮೂರನೆಯ ಸೀಟಿಗೆ ಉಸಿರು ತೆಗೆಯುವ ಸದ್ದು ಶುರುವಾಯಿತು. ಅದು ಬಾಯಿ ಬಿಡುವ ಮೊದಲು ಲ್ಯಾಪ್‌ಟಾಪಿನಿಂದ ಒಂದು ಬಡಕಲು "ಟೂಂ" ಕೇಳಿತು. ನಿಲ್ದಾಣ ಹೊಕ್ಕರೆ ಕೇಳುತ್ತದೆ ಎಂದು ಝೆರಾಕ್ಸಿನ ಕೊನೆಯ ಪುಟದಲ್ಲಿ ಬರೆದಿದ್ದ ಸದ್ದು ಅದೇ ಇರಬೇಕು. ನಾವು ಅದನ್ನು ಹಿಂದೆಂದೂ ಕೇಳಿರಲಿಲ್ಲ.

"ಉಂ?" ಎಂದೆ ಗೋಡೆಗೆ.

"ಹೊಕ್ಚು," ಎಂದರು ಅತ್ತಿಗೆ.

ನಾನು ತಿರುಗುವಷ್ಟರಲ್ಲಿ ನೌಕೆ ಒಳಹೊಕ್ಕು ಪರದೆಯ ಮೇಲೆ ಮಾಲಿನ ದರದ ಪಟ್ಟಿ ಬಂದಿತ್ತು. ಮೂವತ್ತು ವರ್ಷ ಕಾದ ದೃಶ್ಯವನ್ನು ನೋಡಿದವರು ಇಬ್ಬರು. ಅವರಲ್ಲಿ ಒಬ್ಬರಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ. ಗೆಳೆಯ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ನಗುತ್ತಿದ್ದ. ಕೈ ಆಗಲೂ ನಡುಗುತ್ತಿತ್ತು. ಅತ್ತಿಗೆ ಒಳಗೆ ಹೋಗಿ ಒಲೆ ಆರಿಸಿ, ಸಾಸಿವೆ ಡಬ್ಬಿಯಿಂದ ಕೀಲಿ ತಂದು ಅವನ ಎದುರಿಗಿಟ್ಟರು. ಅದಕ್ಕೆ ನಾಲ್ಕು ಸಾಸಿವೆ ಅಂಟಿತ್ತು.

"ನಿಮ್ಮ ಕೈ ಸಮ ಇದ್ದು," ಎಂದರು ಗಂಡನಿಗೆ. ಆಮೇಲೆ ನನ್ನ ಕಡೆ ತಿರುಗಿದರು. "ಭಾವ, ನಿಮಗೆ ಬೇಜಾರಾಗಲಾಗ. ಇನ್ನು ಮೇಲೆ ನಿಂಗ ಹಿಂದಿನ ಸೀಟು."

ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿರಲಿಲ್ಲ, ಬಾಯಿ ತುಂಬಿತ್ತು. ಗದ್ದ ಎತ್ತಿದೆ. ಒಪ್ಪಿಗೆ ಎಂದು ದಾಖಲಾಯಿತು.

ಅಪರಾಧಿ ನಾನೇ ಎಂಬುದು ಇನ್ನು ಮದುವೆ ಪಂಕ್ತಿಯ ಮಾತಾಗಿ ಉಳಿದಿಲ್ಲ, ಸಾಬೀತಾದ ಸಂಗತಿ. ತುಳಸಿಕಟ್ಟೆಯ ಮೂಲೆಗೆ ನಾನೇ ಸಿಮೆಂಟು ಮೆತ್ತಿ ಕೊಟ್ಟೆ. ಭಾನುವಾರದ ತಿರುಗಾಟ ಮತ್ತೆ ಶುರುವಾಗಿದೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಯಾವ ಹೊಣೆಯೂ ಇಲ್ಲದೆ ಕವಳ ಜಗಿಯುತ್ತ ಯಲ್ಲಾಪುರದವರೆಗೆ ಹೋಗುತ್ತೇನೆ. ಸೋತವನಿಗೆ ಇಷ್ಟು ಸುಖವಿದೆ ಎಂದು ಗೊತ್ತಿದ್ದರೆ ಮೊದಲೇ ಸೋಲುತ್ತಿದ್ದೆ. ಗೆಳೆಯ ಮಾತ್ರ ಇನ್ನೂ ಪೂರ್ತಿ ನಂಬಿಲ್ಲ. ಒಳಗಿನ ಕನ್ನಡಿಯಲ್ಲಿ ನನ್ನ ಗದ್ದ ಕಾಣಬಾರದೆಂದು ಅದನ್ನು ಮಾಡಿನ ಕಡೆ ತಿರುಗಿಸಿಟ್ಟುಕೊಂಡಿದ್ದಾನೆ. ಅದರಿಂದ ಹಿಂದಿನ ರಸ್ತೆಯೂ ಕಾಣುವುದಿಲ್ಲ. ಇದನ್ನು ಅವನಿಗೆ ಹೇಳಬೇಕು ಎಂದು ಪ್ರತಿ ವಾರ ಅಂದುಕೊಳ್ಳುತ್ತೇನೆ. ಉಗುಳಿದ ಮೇಲೆ ಮರೆತುಹೋಗುತ್ತದೆ.