ಇಜ್ಜಾ ಬಚ್ಚಿಟ್ಟ ಮಗಳು

ಅಟ್ಲಾಸ್ ಬೆಟ್ಟದ ಆ ಹಳ್ಳಿಯಲ್ಲಿ ಸರ್ಕಾರಿ ಶಾಲೆಗೆ ಗೋಡೆ ಎಬ್ಬಿಸುವಾಗ ಇಜ್ಜಾ ತುಂಬು ಬಸುರಿ. ಬೇಡವೆಂದರೂ ಕೇಳದೆ ಹೊಳೆಯಿಂದ ಕಲ್ಲು ಹೊತ್ತಳು. ಅದಕ್ಕೂ ಮೊದಲು ಎರಡು ಕೂಸುಗಳನ್ನು ಮಣ್ಣಿಗಿಟ್ಟಿದ್ದಳು. ಎರಡಕ್ಕೂ ಜನರ ಕಣ್ಣು ತಾಗಿತೆಂದೇ ಅವಳ ನಂಬಿಕೆ. ಮಕ್ಕಳನ್ನು ಎಣಿಸಿದರೆ ಕೇಡೆಂದು ಆ ಊರಿನ ತಾಯಂದಿರೆಲ್ಲ ಹೊರಗಿನವರಿಗೆ ಕಡಿಮೆಯೇ ಹೇಳುವರು. ಇಜ್ಜಾ ಒಂದು ಕೈ ಮೇಲು, ಮಕ್ಕಳೇ ಇಲ್ಲವೆಂದುಬಿಡುವಳು.

ಹುಟ್ಟಿದ ಮಗಳು ತೂದಾ ಓದಿನಲ್ಲಿ ಎಲ್ಲರಿಗಿಂತ ಮುಂದು. ಸಂಜೆ ಅವಳು ಪಾಠ ಒಪ್ಪಿಸುವಾಗ ಒಂದಕ್ಷರ ಬಾರದ ಇಜ್ಜಾ ರೊಟ್ಟಿ ಸೀದರೂ ಕೇಳುತ್ತ ಕೂರುವಳು. "ನೀನು ಟೀಚರಮ್ಮ ಆಗ್ಬೇಕು ಕಣೇ" ಎಂದು, ತಕ್ಷಣ ತನ್ನ ಮಾತಿನ ದೃಷ್ಟಿಯನ್ನೂ ತೆಗೆಯುವಳು.

ಮಕ್ಕಳು ಕಡಿಮೆಯಾದ ಶಾಲೆಗಳನ್ನು ಸರ್ಕಾರ ಮುಚ್ಚುತ್ತಿತ್ತು. ಊರಿನ ಶಾಲೆಯ ಬಾಸ್ಸು ಮೇಷ್ಟ್ರು ಕಳಿಸಿದ ಮಕ್ಕಳ ಸಂಖ್ಯೆಯನ್ನು ಪಟ್ಟಣದ ಕಚೇರಿಯವರು ನಂಬಲಿಲ್ಲ. ವಸಂತದ ರಜೆಯಲ್ಲಿ, ಮೇಷ್ಟ್ರು ಊರಲ್ಲಿಲ್ಲದಾಗ, ಮಕ್ಕಳೆಲ್ಲ ಕುರಿ ಹೊಡೆದುಕೊಂಡು ಬೆಟ್ಟ ಹತ್ತಿದ್ದಾಗ, ಒಬ್ಬ ಅಧಿಕಾರಿ ಬಂದು ಮನೆಮನೆ ತಿರುಗಿದ. ಬಂದವನ ಕೆಲಸವೇನೆಂದು ಕೇಳುವುದು ಅಲ್ಲಿ ಮರ್ಯಾದೆಯಲ್ಲ. ಚಹಾ ಕೊಟ್ಟರು.

"ಎಷ್ಟು ಮಕ್ಕಳಮ್ಮ?" ಎಂದ.

"ಎಲ್ಲಿಯ ಮಕ್ಕಳಪ್ಪಾ! ದೇವರು ಕೊಡಲೇ ಇಲ್ಲ," ಎಂದಳು ಇಜ್ಜಾ.

ಪಕ್ಕದ ಮನೆಯ ಹದ್ದಾ ತನ್ನ ನಾಲ್ವರನ್ನು ಒಂದಕ್ಕಿಳಿಸಿದಳು. "ಒಬ್ಬ ಇದಾನೆ, ಅವನೂ ರೋಗಿಷ್ಟ!" ಅಧಿಕಾರಿ ಹೋದ ಮೇಲೆ ಹೆಂಗಸರೆಲ್ಲ ಸೇರಿ ಬಿದ್ದು ಬಿದ್ದು ನಕ್ಕರು. ಹಾಳು ನಗು!

ರಜೆ ಮುಗಿದಾಗ ಬಾಸ್ಸು ಮೇಷ್ಟ್ರು ಅದೇ ಅಧಿಕಾರಿಯ ಜೀಪಿನಲ್ಲಿ ಬಂದಿಳಿದರು. ಶಾಲೆಗೆ ಬೀಗ ಹಾಕಲು.

"ಏನ್ ಮಾಡ್ಬಿಟ್ರಿ ಅಕ್ಕಾ? ಇಲ್ಲಿ ಮಕ್ಕಳೇ ಇಲ್ಲ, ಮೇಷ್ಟ್ರು ಸುಳ್ಳು ಹೇಳ್ತಾನೆ ಅಂತ ಆಗೋಯ್ತು. ಇನ್ನು ಓದೋರು ಹೊಳೆ ದಾಟಿ ದೂರದ ಶಾಲೆಗೆ ಹೋಗ್ಬೇಕು," ಎಂದರು ಮೇಷ್ಟ್ರು.

ಹುಡುಗರಾದರೆ ಹೋದಾರು. "ಹೆಣ್ಣುಹುಡುಗಿ ಹೊಳೆ ದಾಟೋದಾ? ಓದಿದ್ದು ಸಾಕು ಬಿಡು," ಎಂದ ತೂದಾಳ ಅಪ್ಪ.

ಇಜ್ಜಾ ಊರೊಳಗೆ ಓಡಿದಳು. ಸಿಕ್ಕ ಮಕ್ಕಳನ್ನೆಲ್ಲ ಎಳೆತಂದು ಜೀಪಿನ ಮುಂದೆ ನಿಲ್ಲಿಸಿದಳು. ಜನ್ಮದಲ್ಲಿ ಮಾಡದ್ದನ್ನು ಮಾಡಿದಳು, ಒಬ್ಬೊಬ್ಬರ ತಲೆ ಮುಟ್ಟಿ ಗಟ್ಟಿಯಾಗಿ ಎಣಿಸಿದಳು. ಕೊನೆಗೆ ತೂದಾಳನ್ನೂ ಎಣಿಸಿ, ಅವಳ ಕೈ ಹಿಡಿದು ನಿಂತಳು.

"ನೋಡಪ್ಪಾ, ಇಷ್ಟು ಜನ! ಕಣ್ತುಂಬ ನೋಡು!"

ಅಧಿಕಾರಿ ತಲೆ ತಗ್ಗಿಸಿದ. "ಆರ್ಡರ್ ಆಗ್ಬಿಟ್ಟಿದೆ ತಾಯಿ. ಮಕ್ಕಳೇ ಇಲ್ಲ ಅಂತ ಅವತ್ತು ನೀವೇ ಅಂದ್ರಲ್ಲ."

ತೂದಾ ತಿರುಗಿ ನೋಡಿದಳು. "ನಾನಿಲ್ಲ ಅಂದ್ಯಾ ಅಮ್ಮಾ?"

"ನೀನಾದ್ರೂ ಉಳೀಲಿ ಅಂತ ಕಣೇ..."

ಹುಡುಗಿ ಅಮ್ಮನ ಕೈ ಬಿಡಿಸಿಕೊಂಡು ಕುರಿದೊಡ್ಡಿಯ ಕಡೆ ನಡೆದಳು.