ಅಡ್ಡಪಟ್ಟಿಯ ಕೆಳಗಿನ ಸಂದು

ನನ್ನ ಅಂಗಡಿಗೆ ಬಂದ ಯಾವ ಕತ್ತಿಯನ್ನೂ ನಾನು ಪೆಟ್ಟಿಗೆ ಒಡೆದ ದಿನವೇ ನಂಬಿದವಳಲ್ಲ. ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮಪ್ಪ ನಡೆಸುತ್ತಿದ್ದ ನಾಟಕದ ಡ್ರೆಸ್ಸಿನ ಅಂಗಡಿಯನ್ನು ಅವರು ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ. ಕಿರೀಟ, ಭುಜಕೀರ್ತಿ, ಗಡ್ಡ, ಮೀಸೆ, ಗದೆ, ಕತ್ತಿ ಎಲ್ಲವೂ ಬಾಡಿಗೆಗೆ. ಹಿಂದೆ ಶಿವನಿ, ಅಂತರಘಟ್ಟೆ ಕಡೆಯ ನಾಟಕದವರು ಬಂದು ಬಾಗಿದ ಕತ್ತಿ ಕೇಳುತ್ತಿದ್ದರು. ಈಗ ಬರುವವರು ಇಂಗ್ಲಿಷ್ ಮೀಡಿಯಂ ಶಾಲೆಯ ಮೇಷ್ಟ್ರುಗಳು, ಮದುವೆಗೆ ಮೊದಲೇ ಫೋಟೋ ತೆಗೆಸಿಕೊಳ್ಳುವ ಜೋಡಿಗಳು. "ಬಾಗಿರೋದು ಬೇಡ ಆಂಟಿ. ನೆಟ್ಟಗೆ ಪ್ಲಸ್ ಮಾರ್ಕ್ ತರ ಇರುತ್ತಲ್ಲ, ಫಾರಿನ್ ರಾಜರದು, ಅದು ಕೊಡಿ" ಅನ್ನುತ್ತಾರೆ. ಅಂಥವು ಈಗ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಅಗ್ಗಕ್ಕೆ ಸಿಗುವುದರಿಂದಲೇ ನನಗೆ ಅನುಮಾನ ಜಾಸ್ತಿ.

ಮೊದಲು ತೂಕ ನೋಡುತ್ತೇನೆ. ಕಳಪೆ ಕತ್ತಿ ಸಾಮಾನ್ಯವಾಗಿ ಅತಿ ಭಾರ. ಬುಡದಿಂದ ತುದಿಯವರೆಗೆ ಒಂದೇ ದಪ್ಪದ ಪಟ್ಟಿಯನ್ನು ಕೊಯ್ದು ಮೊನೆ ಮಾಡಿರುತ್ತಾರೆ, ಎತ್ತಿದರೆ ಮುಂಗೈ ಕೆಳಕ್ಕೆ ಜಗ್ಗುತ್ತದೆ. ಒಳ್ಳೆಯದು ಹಿಡಿಯ ಕಡೆ ದಪ್ಪ, ತುದಿಗೆ ಹೋಗುತ್ತ ತೆಳು. ಆಮೇಲೆ ಬಡಗಿಯ ಹಾಗೆ ಒಂದು ಕಣ್ಣು ಮುಚ್ಚಿ ಅಲಗಿನ ಉದ್ದಕ್ಕೂ ನೋಡುತ್ತೇನೆ, ಡೊಂಕಿದ್ದರೆ ಗೊತ್ತಾಗುತ್ತದೆ. ಮೊನೆಯನ್ನು ಹಲಗೆಗೆ ಊರಿ ಸ್ವಲ್ಪ ಬಗ್ಗಿಸುತ್ತೇನೆ. ಬೆಂಕಿಯಲ್ಲಿ ಕಾಯಿಸಿ ಹದ ಮಾಡಿದ ಅಲಗು ವಾಪಸು ನೆಟ್ಟಗಾಗುತ್ತದೆ, ಹದವಿಲ್ಲದ್ದು ಬಗ್ಗಿದ ಹಾಗೇ ಇರುತ್ತದೆ. ಹಿಡಿಗೂ ಅಲಗಿಗೂ ನಡುವೆ ಅಡ್ಡ ಕೂರುವ ಪಟ್ಟಿಗೆ ಅಯಸ್ಕಾಂತ ಹಿಡಿಯುತ್ತೇನೆ. ಅಂಟದಿದ್ದರೆ ಒಳಬದಿಯಲ್ಲಿ ಮೊಳೆಯಿಂದ ಗೀರುತ್ತೇನೆ. ಹಿತ್ತಾಳೆಯಾದರೆ ಹಳದಿ ಕಾಣುತ್ತದೆ. ಚಿನ್ನದ ಬಣ್ಣದ ಕೆಳಗೆ ಬೂದು ಬಣ್ಣ ಕಂಡರೆ ಅದು ಅಚ್ಚಿಗೆ ಹೊಯ್ದ ಸತು, ಜೋರಾದ ಒಂದು ಏಟಿಗೆ ಬಿಸ್ಕತ್ತಿನಂತೆ ಮುರಿಯುತ್ತದೆ. ಹಿಡಿಗೆ ಸುತ್ತಿದ್ದು ಚರ್ಮ ಅಂತ ಬರೆದಿರುತ್ತಾರೆ, ಮೂಸಿದರೆ ರೆಕ್ಸಿನ್ ವಾಸನೆ. ಕೊನೆಗೆ ಕಿವಿಯ ಹತ್ತಿರ ಹಿಡಿದು ಅಂಗೈಯಿಂದ ಬಡಿಯುತ್ತೇನೆ, ಗಟಗಟ ಅಂದರೆ ಒಳಗೆ ಏನೋ ಸಡಿಲ. ಹಿಡಿಯ ಬುಡದಲ್ಲಿರುವ ಗುಂಡನ್ನು ತಿರುಗಿಸಿ ಬಿಚ್ಚಿದರೆ ಬಣ್ಣ ಬಯಲಾಗುತ್ತದೆ. ಅಲಗಿನಲ್ಲಿ ಹಿಡಿಯೊಳಗೆ ಹೋಗುವ ಭಾಗಕ್ಕೆ ನಾವು ಬಾಲ ಅನ್ನುತ್ತೇವೆ. ಅದು ಅಗಲವಾಗಿರಬೇಕಾದ ಕಡೆ ಪೆನ್ಸಿಲ್ ದಪ್ಪದ ಸರಳೊಂದನ್ನು ವೆಲ್ಡ್ ಮಾಡಿ ಕೂರಿಸಿರುತ್ತಾರೆ. ಅಂಥದ್ದನ್ನು ಫೋಟೋದವರಿಗೆ ಕೊಡುತ್ತೇನೆ, ನಾಟಕದವರಿಗೆ ಕೊಡುವುದಿಲ್ಲ.

ಇದೆಲ್ಲ ಕತ್ತಿಗೆ ಮಾತ್ರ ಅಂದುಕೊಳ್ಳಬೇಡಿ. ನಾನು ತೆಂಗಿನಕಾಯಿಯನ್ನು ಬಡಿದು ನೋಡದೆ, ಹುಣಸೆಹಣ್ಣನ್ನು ಬಿಡಿಸಿ ನೋಡದೆ ಮನೆಗೆ ತಂದವಳಲ್ಲ. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ನಮ್ಮತ್ತೆ ಅನ್ನುತ್ತಿದ್ದರು. ಪೋಸ್ಟ್ ಆಫೀಸಿನಲ್ಲಿದ್ದು ರಿಟೈರಾದ ನಮ್ಮ ಯಜಮಾನರು ಒಂದು ಹೆಜ್ಜೆ ಮುಂದೆ. "ತಾನು ಕಳ್ಳ ಪರರ ನಂಬ ಅಂತಾರೆ ಕಣೇ. ನೀನ್ ಯಾವಾಗ ಏನ್ ಕದ್ದಿದ್ದೆ ಹೇಳು" ಎಂದು ಕೆಣಕುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ. ನನ್ನ ಅನುಮಾನದಿಂದಲೇ ಅಂಗಡಿ ಉಳಿದಿದೆ ಎಂಬ ಜಂಬ ನನಗಿತ್ತು.

ಕಳೆದ ಸಲ ಮಳೆಗಾಲ ಮುಗಿಯುತ್ತಿದ್ದ ಹಾಗೆ ಅಜ್ಜಂಪುರದ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಹತ್ತು ನೆಟ್ಟನೆಯ ಕತ್ತಿ ಬೇಕೆಂದರು. ಮಕ್ಕಳು ಹಿಡಿಯುವಂಥವು, ಹಾಗಾಗಿ ಮಾದರಿಗೆ ಒಂದನ್ನು ಮಾತ್ರ ತರಿಸಿದೆ. ತೂಕ ಸರಿಯಿತ್ತು, ಅಲಗು ನೆಟ್ಟಗಿತ್ತು, ಅಂಚು ಮೊಂಡಾಗಿತ್ತು, ಮೊನೆ ದುಂಡಗಿತ್ತು, ಬಡಿದರೆ ಸದ್ದೂ ಚೆನ್ನಾಗಿತ್ತು. ಇಷ್ಟು ಕಡಿಮೆ ಬೆಲೆಗೆ ಇಷ್ಟು ಚೆನ್ನಾಗಿದೆಯೆಂದರೆ ಎಲ್ಲೋ ಮೋಸ ಇರಲೇಬೇಕು ಎಂದು ಟ್ಯೂಬ್‌ಲೈಟಿನ ಎದುರು ಹಿಡಿದು ನೋಡಿದೆ. ಸಿಕ್ಕಿತು. ಅಲಗಿನ ಭುಜ, ಅಂದರೆ ಅಲಗು ಮುಗಿದು ಕಿರಿದಾದ ಬಾಲ ಶುರುವಾಗುವ ಜಾಗ, ಅಡ್ಡಪಟ್ಟಿಗೆ ಒತ್ತಿ ಕೂತಿರಲಿಲ್ಲ. ನಡುವೆ ಉಗುರಿನ ತುದಿ ತೂರುವಷ್ಟು ಸಂದಿತ್ತು. ಬಿಚ್ಚಿ ನೋಡಿದರೆ, ಭುಜವೂ ಬಾಲವೂ ಸೇರುವ ಮೂಲೆ ಚೌಕವಾಗಿರದೆ ದುಂಡಗಿತ್ತು. ಆ ದುಂಡು ಅಡ್ಡ ಬಂದು ಪಟ್ಟಿ ಪೂರ್ತಿ ಕೂರುತ್ತಿರಲಿಲ್ಲ. ಕಬ್ಬಿಣ ಉಜ್ಜುವ, ಅಪ್ಪನ ಕಾಲದ ಅರ ತೆಗೆದುಕೊಂಡು ಮೂಲೆ ಉಜ್ಜಲು ಕೂತೆ. ಈ ಕೆಲಸ ನನಗೆ ಹೊಸದಾಗಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ, ಅಪ್ಪ ತೀರಿಕೊಂಡ ವರ್ಷ, ಶಿವನಿಯವರು ಆಡಲಿದ್ದ ನಾಟಕದಲ್ಲಿ ಬಿಳಿಯರ ದಂಡಿನ ಸರದಾರನ ಪಾತ್ರವಿತ್ತು. ಅವನಿಗೆ ನೆಟ್ಟನೆಯ ಕತ್ತಿ ಬೇಕಿತ್ತು. ಆನ್‌ಲೈನಿನಲ್ಲಿ ತರಿಸುವುದು ಆಗ ನನಗೆ ಗೊತ್ತಿರಲಿಲ್ಲ. ಹಿರೇನಲ್ಲೂರಿನ ಹತ್ತಿರ ಕುಲುಮೆ ಇಟ್ಟಿದ್ದ ಕಮ್ಮಾರರೊಬ್ಬರಿಗೆ ಚಿತ್ರ ಕೊಟ್ಟು ಮಾಡಿಸಿದೆ. ಅಪ್ಪನಿಗೂ ಕತ್ತಿ ಮಾಡಿಕೊಡುತ್ತಿದ್ದವರು ಅವರೇ. ನಾನು ಅಣ್ಣ ಅನ್ನುತ್ತಿದ್ದೆ, ಅವರು ತಂಗಿ ಅನ್ನುತ್ತಿದ್ದರು. ಅವರು ತಂದುಕೊಟ್ಟ ಕತ್ತಿಯಲ್ಲೂ ಇದೇ ಸಂದಿತ್ತು. ಹೆಂಗಸು, ಅಂಗಡಿಗೆ ಹೊಸಬಳು, ಏನು ಕೊಟ್ಟರೂ ತಗೊಳ್ಳುತ್ತಾಳೆ ಎಂದು ಅವಸರದಲ್ಲಿ ಮುಗಿಸಿದ್ದಾರೆ ಅನ್ನಿಸಿತು. ಅವರನ್ನು ಒಂದು ಮಾತೂ ಕೇಳಲಿಲ್ಲ. ನಾನೇ ಬಿಚ್ಚಿ ಅರ ಹಾಕಿ ಮೂಲೆಗಳನ್ನು ಚೌಕ ಮಾಡಿದೆ. ಪಟ್ಟಿ ಕೂದಲೂ ತೂರದ ಹಾಗೆ ಕೂತಿತು, ನಾನು ಹೆಮ್ಮೆಪಟ್ಟೆ.

ಶಿವನಿಯ ಶಾಲೆ ಬಯಲಿನಲ್ಲಿ ಮಧ್ಯಾಹ್ನದ ಹೊತ್ತು ತಾಲೀಮು ನಡೆಯುತ್ತಿತ್ತು. ನಾಲ್ಕನೆಯ ದಿನ ಕತ್ತಿಗೆ ಕತ್ತಿ ತಾಗಿದಾಗ ಅಲಗು ಪಟ್ಟಿಯ ಹತ್ತಿರ ಲಟಕ್ಕನೆ ಮುರಿದು ಹಾರಿ ಎದುರಿಗಿದ್ದ ಪಾತ್ರಧಾರಿಯ ಕೆನ್ನೆ ಸೀಳಿತು. ಕಣ್ಣಿಗೆ ಎರಡು ಬೆರಳಷ್ಟೇ ಅಂತರ. ತರೀಕೆರೆಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದರು. ನಾನು ಮುರಿದ ಎರಡು ತುಂಡನ್ನೂ ಹಿಡಿದು ನೇರವಾಗಿ ಕುಲುಮೆಗೆ ಹೋಗಿ ಅಣ್ಣನ ಮುಂದೆ ಎಸೆದೆ.

"ಇದೇನಣ್ಣ ನಿನ್ ಹದ? ಒಬ್ರ ಕಣ್ಣೇ ಹೋಗ್ತಿತ್ತಲ್ಲ" ಎಂದೆ.

ಅವರು ಹಿಡಿಯ ಕಡೆಯ ತುಂಡನ್ನು ಎತ್ತಿಕೊಂಡು ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿ ತುಂಬ ಹೊತ್ತು ನೋಡಿದರು. ಏನೂ ಹೇಳದೆ ಎರಡನ್ನೂ ನನಗೆ ವಾಪಸು ಕೊಟ್ಟರು. ತಪ್ಪು ಮಾಡಿದವರಿಗೆ ಬಾಯಿ ಎಲ್ಲಿಂದ ಬರಬೇಕು ಎಂದುಕೊಂಡೆ.

ಆಮೇಲೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ನಾಟಕದ ಮೇಷ್ಟ್ರುಗಳಿಗೆ ನಾನೇ ಖುದ್ದಾಗಿ ಹೇಳಿದೆ, ಅವರ ಕೈಯಲ್ಲಿ ಕತ್ತಿ ಮಾಡಿಸಬೇಡಿ ಎಂದು. ಕುಡುಗೋಲು, ಮಚ್ಚು ಮಾಡಿಸುವವರೂ ಅವರನ್ನು ಬಿಟ್ಟರು. ತಂದೆಯ ಜೊತೆ ಸುತ್ತಿಗೆ ಹಿಡಿಯುತ್ತಿದ್ದ ಮಗ ಕುಲುಮೆ ಆರಿಸಿ ಅದೇ ಜಾಗದಲ್ಲಿ ವೆಲ್ಡಿಂಗ್ ಶೆಡ್ ಹಾಕಿದ. ಒಮ್ಮೆ ಬಸ್ಸಿನಲ್ಲಿ ಸಿಕ್ಕಿದವನು, "ಅಪ್ಪನ್ ಕೈ ಕೆಟ್ಟೋಯ್ತು ಕಣಕ್ಕ. ಅವ್ರ್ ಹದ ನಂಬ್ಕಂಡು ಇನ್ನೊಬ್ರ ತಲೆ ಒಡ್ಸಕ್ಕಾಗುತ್ತಾ?" ಎಂದ. ಹೆತ್ತ ಮಗನೇ ಹಾಗಂದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಈಗಿನ ಕತ್ತಿಯ ಮೇಲೆ ಅರ ಜಾರುತ್ತಿತ್ತು, ಲೋಹ ಅಷ್ಟು ಗಟ್ಟಿ. ಗ್ರೈಂಡರಿನಲ್ಲಿ ಉಜ್ಜಿಸೋಣ ಎಂದು ಮಾರನೆಯ ದಿನ ತರೀಕೆರೆಯ ಒಂದು ಲೇತ್ ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯ ಮಾಲೀಕರು ಮೂಲೆಯನ್ನು ನೋಡಿ ಗ್ರೈಂಡರ್ ಮುಟ್ಟಲೇ ಇಲ್ಲ.

"ಇದನ್ನ ಮಾಡ್ದೋನು ಕೆಲ್ಸ ತಿಳ್ದೋನು ಕಣ್ರೀ. ಇದನ್ಯಾಕೆ ಹಾಳ್ ಮಾಡ್ತೀರಿ?" ಎಂದರು.

"ಸಂದು ಐತಲ್ರೀ."

"ಇರ್ಲಿ ಬಿಡ್ರಿ. ಮೂಲೆ ಚೌಕ ಮಾಡಿದ್ರೆ ಏಟು ಬಿದ್ದಾಗ ಅದ್ರ ಜೋರೆಲ್ಲಾ ಬಂದು ಆ ಮೂಲೆಗೇ ನಿಲ್ತದೆ. ಬಿರುಕು ಬಿಡೋದೇ ಅಲ್ಲಿಂದ. ಸಂದು ಬೇಡ್ವೇ ಬೇಡ ಅಂದ್ರೆ ಪಟ್ಟಿ ತೂತಿನ ಅಂಚು ಉಜ್ಜಿ, ಅಲಗು ಮುಟ್ಬೇಡಿ."

ಕೆಲಸ ತಪ್ಪಿಸಿಕೊಳ್ಳಲು ಹೇಳುತ್ತಿದ್ದಾರೆ ಎಂದು ನನಗೆ ಅವರ ಮೇಲೂ ಅನುಮಾನ. ಮುಖ ನೋಡಿಯೇ ಅವರಿಗೆ ಗೊತ್ತಾಗಿರಬೇಕು. ಗುಜರಿ ರಾಶಿಯಿಂದ ಯಾವುದೋ ಯಂತ್ರದ ಮುರಿದ ಶಾಫ್ಟೊಂದನ್ನು ಎಳೆದು ನನ್ನ ಮುಂದಿಟ್ಟರು. ಅದರ ದಪ್ಪ ಭಾಗ ಸಣ್ಣದಾಗುವ ಮೂಲೆಯನ್ನು ಯಾರೋ ಚೂಪಾಗಿ ಕೊರೆದಿದ್ದರು. ಬಿರುಕು ಆ ಗೆರೆಯಿಂದಲೇ ಹೊರಟಿತ್ತು. ನಾನು ಕತ್ತಿಯನ್ನು ಉಜ್ಜಿಸದೆ ವಾಪಸು ಸುತ್ತಿಕೊಂಡೆ.

ಹಳೆಯ ಕತ್ತಿಯ ತುಂಡುಗಳು ನನ್ನ ಹತ್ತಿರವೇ ಇದ್ದವು. ಮುಂದೆಂದಾದರೂ ಆ ಅಣ್ಣ ನನ್ನ ಮೇಲೆ ತಿರುಗಿಬಿದ್ದರೆ ಸಾಕ್ಷಿಗಿರಲಿ ಎಂದು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೆ. ಮನೆಗೆ ಬಂದವಳೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಎರಡೂ ಬದಿಯಲ್ಲಿ ನನ್ನ ಅರದ ಗೆರೆಗಳಿದ್ದವು. ಆ ಗೆರೆಗಳ ಮೇಲೆಯೇ ಅಲಗು ಮುರಿದಿತ್ತು. ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಯಾರಿಗಾದರೂ ಗೊತ್ತಾದರೆ ಏನು ಗತಿ ಎಂಬ ಹೆದರಿಕೆ. ನಾಚಿಕೆ ಆಮೇಲೆ ಬಂತು. ಬಂದದ್ದು ಹೋಗಲಿಲ್ಲ. ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಅವರು ಕೆಣಕಲಿಲ್ಲ. "ಬೆಳಗ್ಗೆ ಮೊದಲ್ನೇ ಬಸ್ಸಿಗೆ ಹೋಗ್ಬಾ" ಎಂದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಶಾಲೆಯವರ ಹತ್ತು ಕತ್ತಿಯನ್ನು ಅಣ್ಣನ ಕೈಯಲ್ಲೇ ಮಾಡಿಸುತ್ತೇನೆ, ಕುಲುಮೆಗೆ ಮತ್ತೆ ಬೆಂಕಿ ಬೀಳಲಿ, ಅವರ ಹೆಸರೂ ನೆಟ್ಟಗಾಗಲಿ ಎಂದುಕೊಂಡೆ. ಅಷ್ಟಾದರೂ ಮಾಡಿದರೆ ನನ್ನ ಮನಸ್ಸಿಗೂ ಸಮಾಧಾನ.

ಶೆಡ್ಡಿನಲ್ಲಿ ಮಗ ಗೇಟೊಂದಕ್ಕೆ ವೆಲ್ಡಿಂಗ್ ಮಾಡುತ್ತಿದ್ದ. ಅಣ್ಣ ಪಕ್ಕದ ಬೇವಿನ ಮರದ ಕೆಳಗೆ ಕೂತಿದ್ದರು. ತುಂಬ ಇಳಿದುಹೋಗಿದ್ದರು. ನಾನು ಬಟ್ಟೆ ಬಿಚ್ಚಿ ತುಂಡನ್ನು ಅವರ ಕೈಗಿಟ್ಟೆ. ಅವರು ಅದನ್ನು ನೋಡಲೂ ಇಲ್ಲ.

"ಅರದ್ ಗುರ್ತು ತಾನೆ? ಆವತ್ತೇ ನೋಡಿದ್ನಲ್ಲ" ಎಂದರು.

"ಮತ್ಯಾಕಣ್ಣ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ದಾ ನೀನು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇಲ್ಲ ಎಂದೆ. ಮಗನಿಗಾದರೂ ಹೇಳಬಹುದಿತ್ತಲ್ಲ ಎಂದು ಕೇಳಿದೆ.

"ಹೇಳ್ದೆ. ತಪ್ಪು ಮುಚ್ಕಳಕ್ಕೆ ಆಯಮ್ಮನ್ ಮೇಲೆ ಹಾಕ್ತಿದೀಯ ಅಂದ. ಹನ್ನೆರ್ಡು ವರ್ಷ ಆಯ್ತು, ಒಂದೇ ಮನೇಲಿದೀವಿ. ಇವತ್ಗೂ ನಾನು ಮಸೆದ ಕುಡ್ಲು ಅವ್ನು ಮುಟ್ಟಲ್ಲ."

"ತಪ್ಪು ನಂದೇ ಅಣ್ಣ. ಅರ ಹಾಕಿ ಕೆಡಿಸಿದ್ದು ನಾನು" ಎಂದೆ. ಹೇಳುವಾಗ ಅಳು ಬಂತು.

ಅಣ್ಣ ಶೆಡ್ಡಿನ ಕಡೆ ತಲೆ ತಿರುಗಿಸಿದರು. "ಸದ್ದಲ್ಲಿ ಅವ್ನಿಗೆ ಕೇಳ್ಸಿರಲ್ಲ. ಇನ್ನೊಂದ್ ಸಲ ಹೇಳು ತಂಗಿ. ಜೋರಾಗಿ ಹೇಳು."

ನಾನು ಅವರ ಕೈಯಿಂದ ತುಂಡನ್ನು ತೆಗೆದುಕೊಂಡು ಶೆಡ್ಡಿನ ಬಾಗಿಲಿಗೆ ಹೋಗಿ, ಕಿಡಿ ನಿಲ್ಲುವವರೆಗೆ ಕಾದು, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಮಗ ಮುಖದ ಗುರಾಣಿ ತೆಗೆದಿಟ್ಟು ತುಂಡನ್ನು ಈಸಿಕೊಂಡ. ಮುರಿದ ಜಾಗದ ಮೇಲೆ ಹೆಬ್ಬೆರಳು ಸವರಿದ. ಅವನ ಕಣ್ಣು ಒಂದು ಗಳಿಗೆ ಬೇವಿನ ಮರದ ಕಡೆ ಹೋಯಿತು. ಆಮೇಲೆ ನನ್ನನ್ನು ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಕತ್ತಿಯ ಪೆಟ್ಟಿಗೆ ಒಡೆದಾಗ ನಾನು ನೋಡುವುದೂ ಹಾಗೆಯೇ.

"ಇಷ್ಟ್ ವರ್ಷ ಇಲ್ದಿದ್ದು ಈಗ್ಯಾಕೆ ಬಂದ್ರಕ್ಕ?" ಎಂದ. "ಅಪ್ಪನ್ ಹತ್ರ ಏನಾದ್ರೂ ಕೆಲ್ಸ ಆಗ್ಬೇಕಿತ್ತಾ?"

ಹತ್ತು ಕತ್ತಿಯ ಮಾತು ತುಟಿಯವರೆಗೆ ಬಂದಿತ್ತು. ಅದನ್ನು ಆಡಿದ್ದರೆ, ಕೆಲಸ ಮಾಡಿಸಿಕೊಳ್ಳಲು ಅಪ್ಪನನ್ನು ಒಲಿಸಿಕೊಳ್ಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದ. ನನ್ನ ತಪ್ಪೊಪ್ಪಿಗೆಯೂ ಸುಳ್ಳಾಗುತ್ತಿತ್ತು, ಅಣ್ಣ ಅವನ ಕಣ್ಣಿನಲ್ಲಿ ತಪ್ಪಿತಸ್ಥರಾಗಿಯೇ ಉಳಿಯುತ್ತಿದ್ದರು. ಅಣ್ಣ ಮರದ ಕೆಳಗಿನಿಂದ ನಮ್ಮನ್ನೇ ನೋಡುತ್ತಿದ್ದರು.

"ಏನೂ ಇಲ್ಲ ಕಣಪ್ಪ. ಇಷ್ಟು ಹೇಳಕ್ಕೇ ಬಂದಿದ್ದು" ಎಂದೆ.

ತುಂಡನ್ನು ಅವನ ಕೈಯಲ್ಲೇ ಬಿಟ್ಟು ಬಸ್ಸು ಹತ್ತಿದೆ. ಶಾಲೆಯ ಕತ್ತಿಗಳನ್ನು ಆನ್‌ಲೈನಿನಲ್ಲೇ ತರಿಸಿದೆ.